ಬೆಳಗಿನ ವಾಕಿಂಗ್ ಆಯಿತೆಂದು ಕೂತುಬಿಡಬೇಡಿ

ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಜೊತೆ ಬಾಳುತ್ತಿರುವ ತಮ್ಮಂದಿರೇ, ತಂಗಿಯರೇ, ವಯಸ್ಸಿನಲ್ಲೂ ಕಾಯಿಲೆಯಲ್ಲೂ ನಿಮಗಿಂತ ಹಿರಿಯನಾಗಿ ಒಂದು ಮಾತು ಹೇಳುತ್ತೇನೆ. ನೀವು ಬೆಳಿಗ್ಗೆ ತಪ್ಪದೆ ವಾಕಿಂಗ್ ಹೋಗುತ್ತೀರಿ, ಸಂತೋಷ. ಆದರೆ ಮನೆಗೆ ಬಂದು ತಿಂಡಿ ತಿಂದು ಕೂತವರು ಮಧ್ಯಾಹ್ನದ ಊಟಕ್ಕೇ ಏಳುತ್ತೀರಿ. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತವರು ಮಲಗಲಿಕ್ಕೇ ಏಳುತ್ತೀರಿ. ನನ್ನ ಚಿಂತೆ ಈ ಕೂರುವ ಗಂಟೆಗಳದ್ದು.

ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲು ಸೇರಬೇಕಾದ ಜಾಗ ನಮ್ಮ ಸ್ನಾಯುಗಳು. ಸುಮ್ಮನೆ ಕೂತಾಗ ಸ್ನಾಯುವಿನೊಳಕ್ಕೆ ಸಕ್ಕರೆ ಹೋಗಬೇಕಾದರೆ ಇನ್ಸುಲಿನ್ ನೆರವು ಬೇಕು. ಟೈಪ್ 2 ಮಧುಮೇಹದಲ್ಲಿ ಆ ಇನ್ಸುಲಿನ್ ಮಾತನ್ನು ಸ್ನಾಯು ಸರಿಯಾಗಿ ಕೇಳುವುದೇ ಇಲ್ಲ. ಆದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನಾಗಿ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ, ಅದು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ಆಮೇಲೆ ಆ ಗುಣ ಇಳಿದುಹೋಗುತ್ತದೆ. ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ವಾರವಿಡೀ ಸುಮ್ಮನಿದ್ದು ಭಾನುವಾರ ಒಂದೇ ಸಲ ಮೈ ದಣಿಸಿದರೆ ಲೆಕ್ಕ ಸರಿಹೋಗುವುದಿಲ್ಲ.

ಊಟವಾದ ಮೇಲೆ ಸ್ವಲ್ಪ ಓಡಾಡಿ ಎಂದು ಮನೆಯ ಹಿರಿಯರು ಹೇಳುತ್ತಿದ್ದರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2013ರಲ್ಲಿ ಅಮೆರಿಕದಲ್ಲಿ ಒಂದು ಚಿಕ್ಕ ಅಧ್ಯಯನ ನಡೆಯಿತು. ಅದರಲ್ಲಿದ್ದವರು ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಹಿರಿಯರು. ಮೂರು ಹೊತ್ತೂ ಊಟದ ನಂತರ 15 ನಿಮಿಷ ನಡೆದದ್ದು, ಬೆಳಿಗ್ಗೆ ಒಂದೇ ಸಲ 45 ನಿಮಿಷ ನಡೆದಷ್ಟೇ ಫಲ ಕೊಟ್ಟಿತು. ರಾತ್ರಿ ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸುವುದರಲ್ಲಂತೂ ಅದರ ಕೈಯೇ ಮೇಲಾಯಿತು. ಅನ್ನ, ಮುದ್ದೆ, ಚಪಾತಿಯ ಊಟ ಮಾಡುವ ನಮಗೆ ಈ ಹದಿನೈದು ನಿಮಿಷ ಬಹಳ ಬೆಲೆಯುಳ್ಳದ್ದು. ಜೋರಾಗಿ ನಡೆಯಬೇಕಿಲ್ಲ. ಮನೆ ಮುಂದಿನ ರಸ್ತೆಯಲ್ಲೋ ತಾರಸಿಯ ಮೇಲೋ ಮಾತಾಡುತ್ತ ನಡೆದರೂ ಸಾಕು.

ಇನ್ನೊಂದು ವಿಷಯ. ವಯಸ್ಸು ಸ್ನಾಯುವನ್ನು ಕರಗಿಸುತ್ತದೆ, ಸಕ್ಕರೆ ಕಾಯಿಲೆ ಆ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಸ್ನಾಯು ಕರಗಿದಷ್ಟೂ ಸಕ್ಕರೆಗೆ ಜಾಗ ಕಡಿಮೆ, ಬೀಳುವ ಭಯ ಹೆಚ್ಚು. ನಡಿಗೆಯೊಂದರಿಂದ ಈ ನಷ್ಟ ತುಂಬುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರಿಗೆ ಮೂರು ಭಾಗಗಳಿವೆ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ಇದಕ್ಕೆ ಜಿಮ್ ಬೇಕಾಗಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಅಂಗೈ ಇಟ್ಟು ತಳ್ಳಿ. ನೀರು ತುಂಬಿದ ಬಾಟಲಿಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲಿ, ಆಮೇಲೆ ಒಂಟಿಕಾಲಿನಲ್ಲಿ ನಿಲ್ಲಿ. ತಂಗಿಯರೇ, ಮನೆಗೆಲಸವೇ ವ್ಯಾಯಾಮವೆಂದು ಸಮಾಧಾನ ಮಾಡಿಕೊಳ್ಳಬೇಡಿ. ಅದರಿಂದ ದಣಿವಾಗುತ್ತದೆ, ನಿಜ. ಆದರೆ ಅದು ತೊಡೆಗೂ ತೋಳಿಗೂ ಬೇಕಾದಷ್ಟು ಬಲ ಕೊಡುವುದಿಲ್ಲ.

ಈಗ ತಲೆಯ ಮಾತು. ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡಗಳನ್ನು ಕೆಡಿಸುವಂತೆ ಮಿದುಳಿನ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಮರೆಗುಳಿತನದ ಅಪಾಯ ಈ ಕಾಯಿಲೆಯವರಿಗೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ವಾರಕ್ಕೆ ಮೂರು ದಿನ 40 ನಿಮಿಷದವರೆಗೆ ನಡೆದವರಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಶೇ 2ರಷ್ಟು ಹಿಗ್ಗಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಅವರನ್ನು ಆರಿಸಿದ್ದು ಸಕ್ಕರೆ ಕಾಯಿಲೆಯ ಕಾರಣಕ್ಕಲ್ಲ. ಆದ್ದರಿಂದ ವ್ಯಾಯಾಮ ಮಾಡಿದರೆ ನಮಗೆ ಮರೆವೇ ಬರುವುದಿಲ್ಲವೆಂದು ಭರವಸೆ ಕೊಡಲಾರೆ. ಆದರೆ ಬಿಪಿ ಇಳಿಯುತ್ತದೆ, ಸಕ್ಕರೆಯ ಏರಿಳಿತ ತಗ್ಗುತ್ತದೆ, ನಿದ್ದೆ ಹತ್ತುತ್ತದೆ, ಮನಸ್ಸು ಹಗುರಾಗುತ್ತದೆ. ಇವೆಲ್ಲ ಮಿದುಳಿಗೆ ಕಾವಲು.

ಎಚ್ಚರಿಕೆಯನ್ನೂ ಹೇಳಲೇಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ವ್ಯಾಯಾಮದಲ್ಲಿ, ಕೆಲವೊಮ್ಮೆ ಗಂಟೆಗಳ ನಂತರ ರಾತ್ರಿಯಲ್ಲೂ ಸಕ್ಕರೆ ತೀರಾ ಇಳಿಯಬಹುದು. ಹೊರಡುವ ಮೊದಲು ಪರೀಕ್ಷಿಸಿದಾಗ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಬೆವರು, ನಡುಕ, ತಲೆ ಗೊಂದಲ ಕಂಡರೆ, ಅಥವಾ ಸಕ್ಕರೆ 70ಕ್ಕಿಂತ ಇಳಿದಿದ್ದರೆ, ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮುದಿ ವಯಸ್ಸಿನಲ್ಲಿ ಬೆವರು, ನಡುಕ ಇಲ್ಲದೆ ಬರೀ ತಡವರಿಸುವ ಮಾತು, ತೂರಾಡುವ ಹೆಜ್ಜೆಯೇ ಲಕ್ಷಣವಾಗಿರಬಹುದು. ಇದನ್ನು ಮನೆಯವರಿಗೂ ತಿಳಿಸಿಡಿ. ಪದೇಪದೇ ಸಕ್ಕರೆ ಹೀಗೆ ಕುಸಿಯುವುದು ಮಿದುಳಿಗೂ ಒಳ್ಳೆಯದಲ್ಲ. ಏಕಾದಶಿ, ಸಂಕಷ್ಟಿಯೆಂದು ಉಪವಾಸವಿದ್ದು, ಮಾತ್ರೆ ನುಂಗಿ, ವಾಕಿಂಗಿಗೂ ಹೋಗುವ ಸಾಹಸ ಬೇಡ.

ಪಾದದ ಸ್ಪರ್ಶ ಮಂದವಾಗಿದ್ದರೆ ಬರಿಗಾಲಿನ ನಡಿಗೆ ಬಿಡಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಮಾಡಿ ಬೊಬ್ಬೆ ಎದ್ದರೂ ನಿಮಗೆ ಗೊತ್ತಾಗುವುದಿಲ್ಲ. ತಂಪು ಹೊತ್ತಿನಲ್ಲಿ ಹೋಗಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಕಣ್ಣಿನ ಪರದೆಯಲ್ಲಿ ರಕ್ತಸ್ರಾವದ ತೊಂದರೆ ಇರುವವರು ಶೀರ್ಷಾಸನಕ್ಕೂ, ಉಸಿರು ಬಿಗಿಹಿಡಿದು ಭಾರ ಎತ್ತುವುದಕ್ಕೂ ಹೋಗಬೇಡಿ. ನಡೆಯುವಾಗ ಎದೆ ಬಿಗಿದರೆ, ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಹೃದಯದ ತೊಂದರೆ ಈ ಕಾಯಿಲೆಯಲ್ಲಿ ನೋವಿಲ್ಲದೆಯೂ ಬರುತ್ತದೆ.

ಬೆಳಗಿನ ನಡಿಗೆ ನಡೆದುಕೊಂಡೇ ಇರಲಿ. ಅದರ ಜೊತೆಗೆ ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಹಾಕುವ ಮೊದಲು ಮನೆಯವರನ್ನೂ ಕರೆದುಕೊಂಡು ಹದಿನೈದು ನಿಮಿಷ ನಡೆಯಿರಿ. ನಾಳೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ, ಕಾಲನ್ನು ನೀವೇ ಎತ್ತಿಡಬೇಕು.