ಉದ್ದನೆಯ ಹೆಸರು ಬಿಡಿಸಿದರೆ ಸೂತ್ರ ಸಿಗುತ್ತೆ

ಮಕ್ಕಳೇ, ಕೆಮಿಸ್ಟ್ರಿ ಪುಸ್ತಕದಲ್ಲಿ ‘ಪೊಟ್ಯಾಸಿಯಮ್ ಹೆಕ್ಸಾಸಯನಿಡೋಫೆರೇಟ್(2)’ ಅನ್ನೋ ಹೆಸರು ಕಂಡರೆ ಗಾಬರಿ ಬೇಡ. ಕನ್ನಡ ತರಗತಿಯಲ್ಲಿ ಸಂಧಿ ಬಿಡಿಸ್ತೀರಲ್ಲ, ಹಾಗೇ ಇದನ್ನೂ ಬಿಡಿಸಿ. ಇಂಥವಕ್ಕೆ ಕೋಆರ್ಡಿನೇಶನ್ ಸಂಯುಕ್ತಗಳು ಅಂತಾರೆ: ನಡುವೆ ಒಂದು ಲೋಹ, ಅದಕ್ಕೆ ಅಂಟಿಕೊಂಡ ಲಿಗಾಂಡ್‌ಗಳು. (ಇಲ್ಲಿ ಸಂಕೇತಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಅಕ್ಷರ, ಆವರಣದಲ್ಲಿ ರೋಮನ್ ಅಂಕಿ ಬಳಸಿ.)

1. ಲೋಹ ಹುಡುಕಿ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವಂತೆ, ಲಿಗಾಂಡ್‌ಗಳ ಹೆಸರಾದ ಮೇಲೆ ಲೋಹದ ಹೆಸರು ಬರುತ್ತೆ. ಸೂತ್ರದಲ್ಲಿ ಮಾತ್ರ ಲೋಹವೇ ಮೊದಲು. ‘ಫೆರೇಟ್’ ಅಂದರೆ ಕಬ್ಬಿಣ, ಎಫ್‌ಇ. ಆವರಣದ 2 ಅಂದರೆ ಅದರ ಆವೇಶ +2.

2. ಲಿಗಾಂಡ್ ಎಣಿಸಿ. ‘ಹೆಕ್ಸಾ’ ಅಂದರೆ 6. ‘ಸಯನಿಡೋ’ ಅಂದರೆ ಸಿಎನ್, ಒಂದೊಂದಕ್ಕೂ −1. ಒಟ್ಟು −6.

3. ಕೂಡಿಸಿ. +2 ಮತ್ತು −6 ಸೇರಿದರೆ −4. ಇಷ್ಟನ್ನೂ ಚೌಕ ಆವರಣದಲ್ಲಿ ಹಾಕಿ.

4. ಸರಿದೂಗಿಸಿ. ಪೊಟ್ಯಾಸಿಯಮ್ (ಕೆ) ಆವೇಶ +1. ಹಾಗಾದರೆ 4 ಬೇಕು.

ಉತ್ತರ: ಕೆ₄[ಎಫ್‌ಇ(ಸಿಎನ್)₆]

ಗಮನಿಸಿ: ‘4 ಪೊಟ್ಯಾಸಿಯಮ್’ ಅಂತ ಹೆಸರಿನಲ್ಲಿ ಎಲ್ಲೂ ಇಲ್ಲ. ಅದನ್ನು ಲೆಕ್ಕ ಹಾಕಿ ನಾವೇ ಕಂಡುಹಿಡಿಯಬೇಕು. ಆವರಣದಲ್ಲಿ 2ರ ಬದಲು 3 ಇದ್ದರೆ ಒಟ್ಟು −3 ಆಗಿ, ಸೂತ್ರ ಕೆ₃[ಎಫ್‌ಇ(ಸಿಎನ್)₆]. ಒಂದು ಅಂಕಿ ಬದಲಾದರೆ ವಸ್ತುವೇ ಬೇರೆ. ಮೊದಲನೆಯದರ ಹರಳು ಹಳದಿ, ಎರಡನೆಯದು ಕೆಂಪು.

ಈಗ ‘ಸಿಸ್-ಡೈಅಮ್ಮೀನ್‌ಡೈಕ್ಲೋರಿಡೋಪ್ಲಾಟಿನಮ್(2)’ ನೋಡೋಣ. ಅಮ್ಮೀನ್ ಅಂದರೆ ಎನ್‌ಎಚ್₃, ಆವೇಶ ಸೊನ್ನೆ. ಎರಡು ಕ್ಲೋರಿಡೋ −2, ಪ್ಲಾಟಿನಮ್ +2. ಒಟ್ಟು ಸೊನ್ನೆ, ಆದ್ದರಿಂದ ಹೊರಗೆ ಯಾರೂ ಬೇಡ: [ಪಿಟಿಸಿಎಲ್₂(ಎನ್‌ಎಚ್₃)₂]. ಇದೇ ಸಿಸ್‌ಪ್ಲಾಟಿನ್. 1978ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಪಡೆಯಿತು. ಇಲ್ಲಿ ಎರಡು ಕ್ಲೋರಿನ್ ಅಕ್ಕಪಕ್ಕ ಕೂತಿವೆ. ‘ಟ್ರಾನ್ಸ್’ ಅಂದರೆ ಅವು ಎದುರುಬದುರು. ಪರಮಾಣುಗಳು ಅವೇ, ಆದರೆ ಅದು ಔಷಧವಾಗಿ ಕೆಲಸಕ್ಕೆ ಬರಲಿಲ್ಲ. ಅದಕ್ಕೇ ಸೂತ್ರದ ಮುಂದೆ ‘ಸಿಸ್’ ಬರೆಯೋದನ್ನು ಮರೀಬೇಡಿ.

ಮನೆಗೆಲಸ: ಟೆಟ್ರಾಅಮ್ಮೀನ್‌ಕಾಪರ್(2) ಸಲ್ಫೇಟ್. ಸುಳಿವು: ಟೆಟ್ರಾ 4, ಕಾಪರ್ ಸಿಯು, ಸಲ್ಫೇಟ್ (ಎಸ್‌ಓ₄) −2.

ಅಪ್ಪ ಅಮ್ಮಂದಿರೇ, ಉತ್ತರ ಹೇಳಿಕೊಡಬೇಡಿ. ‘ಆವರಣದ ಹೊರಗೆ ಎಷ್ಟು ಬೇಕು, ಯಾಕೆ?’ ಅಂತ ಮಾತ್ರ ಕೇಳಿ.

ಮಾಡಿದ ಮೇಲೆ ನೋಡಿ: [ಸಿಯು(ಎನ್‌ಎಚ್₃)₄]ಎಸ್‌ಓ₄. ಒಳಗೆ +2, ಹೊರಗೆ −2. ಸರಿಹೋಯ್ತು!