ಹಡಗಿನೊಳಗಣ ಕಿರುಕುಳ ಮತ್ತು ಅದರ ನಿವಾರಣೆ

ಔರಾದ ತಾಲೂಕಿನ ಎಕಂಬಾದಂತಹ ಹಳ್ಳಿಯಿಂದ ಬಂದವನಿಗೆ ಹಡಗಿನ ಗೊಡವೆ ಏತಕ್ಕೆ ಎಂದು ವಾಚಕರು ನಕ್ಕಾರು. ನಾವು ಕಂಡ ದೊಡ್ಡ ನೀರೆಂದರೆ ಮಾಂಜ್ರಾ ನದಿ. ಕಡಲು ನೂರಾರು ಮೈಲಿ ದೂರ. ಆದರೂ ಕಲ್ಯಾಣದ ನೆರೆಯವರಾದ ನಮಗೆ ದೋಣಿಯ ಕಾಯಕದ ಅಂಬಿಗರ ಚೌಡಯ್ಯನು ಪರಕೀಯನಲ್ಲ. ಮೇಲಾಗಿ, ಹಡಗಿನಲ್ಲಿ ಮನುಷ್ಯನು ಮನುಷ್ಯನಿಗೆ ಕೊಡುವ ಕಾಟವು ಹೇಗೆ ಬೆಳೆಯುತ್ತದೆ, ಹೇಗೆ ನಿಲ್ಲುತ್ತದೆ ಎಂಬುದರಲ್ಲಿ ವಸತಿಗೃಹದಲ್ಲಿರುವ ನಮಗೂ ಒಂದು ಪಾಠವಿದೆ.

ಮೊದಲು ಕಿರುಕುಳವೆಂದರೇನು ಎಂಬುದನ್ನು ವಿಚಾರಿಸೋಣ. ಕೆಲಸದಲ್ಲಿ ತಪ್ಪಿದವನನ್ನು ಗದರಿಸಿ ತಿದ್ದುವುದು ಕಿರುಕುಳವಲ್ಲ. ಬಿರುಗಾಳಿಯಲ್ಲಿ ಅಪ್ಪಣೆಯನ್ನು ಒಡನೆಯೇ ಪಾಲಿಸದಿದ್ದರೆ ಎಲ್ಲರ ಪ್ರಾಣಕ್ಕೂ ಕುತ್ತು. ಆದರೆ ಜಾತಿ, ಭಾಷೆ, ಬಣ್ಣಗಳನ್ನು ಹಿಡಿದು ಹೀಯಾಳಿಸುವುದು, ಒಬ್ಬನನ್ನೇ ಗುರಿಯಾಗಿಸಿ ದಿನವೂ ನಗೆಪಾಟಲು ಮಾಡುವುದು, ಸೇಡಿಗಾಗಿ ವಿಶ್ರಾಂತಿಯ ವೇಳೆಯಲ್ಲಿ ದುಡಿಸುವುದು, ಹೆಣ್ಣುಮಕ್ಕಳೊಡನೆ ಅಸಭ್ಯವಾಗಿ ವರ್ತಿಸುವುದು—ಇವು ಶಿಸ್ತಲ್ಲ, ಶಿಸ್ತಿನ ವೇಷ ತೊಟ್ಟ ದಬ್ಬಾಳಿಕೆ.

ನೆಲದ ಮೇಲೆ ನೊಂದವನು ಸಂಜೆಗೆ ಮನೆ ಸೇರಿ ತಾಯಿಯ ಮುಂದೆ ಅತ್ತು ಹಗುರಾಗಬಹುದು. ಹಡಗಿನವನಿಗೆ ಆ ಭಾಗ್ಯವಿಲ್ಲ. ತಿಂಗಳುಗಟ್ಟಲೆ ಅದೇ ಕೆಲವು ಮುಖಗಳು. ಕಾಟ ಕೊಡುವವನೇ ಮೇಲಧಿಕಾರಿ, ಅವನೇ ಪಕ್ಕದ ಕೋಣೆಯವನು. ಅನೇಕ ವೇಳೆ ತರಬೇತಿಯ ದಾಖಲೆಗೆ ರುಜು ಹಾಕುವವನೂ ಅವನೇ. ಸುತ್ತಲೂ ನೀರು, ಹೋಗುವುದೆಲ್ಲಿಗೆ?

ಇದರ ಪರಿಣಾಮಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ೧೯೪೬ರಲ್ಲಿ ಮುಂಬಯಿಯಲ್ಲಿ ‘ತಲ್ವಾರ್’ ಎಂಬ ನೌಕಾನೆಲೆಯಿತ್ತು. ಹೆಸರು ಹಡಗಿನದಾದರೂ ಅದು ದಡದ ಮೇಲಿದ್ದ ಸಂದೇಶ ತರಬೇತಿಯ ಶಾಲೆ. ಫೆಬ್ರವರಿ ೮ರಂದು ಅಲ್ಲಿಯ ಕಮಾಂಡರ್ ಕಿಂಗ್ ಎಂಬಾತನು ಭಾರತೀಯ ನಾವಿಕರನ್ನು ಅವರ ಹುಟ್ಟನ್ನೇ ಹಳಿಯುವ ಮಾತುಗಳಿಂದ ಬೈದನು. ನಾವಿಕರು ಕೂಡಲೇ ದಂಗೆ ಏಳಲಿಲ್ಲ. ಕೆಲವರು ನಿಯಮದಂತೆ ದೂರು ಕೊಟ್ಟರು. ಆ ದೂರುಗಳು ಹೋಗಿ ನಿಂತದ್ದು ಮತ್ತೆ ಆ ಕಿಂಗನ ಮುಂದೆಯೇ! ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಕೆಟ್ಟ ಊಟ, ತಾರತಮ್ಯದ ಸಂಬಳ, ಸ್ವಾತಂತ್ರ್ಯದ ಹಂಬಲ ಇವೆಲ್ಲ ಮೊದಲೇ ಕೂಡಿದ್ದವು. ಫೆಬ್ರವರಿ ೧೮ರ ಬೆಳಿಗ್ಗೆ ಅವರು ಊಟ ನಿರಾಕರಿಸಿದರು. ಕೆಲವೇ ದಿನಗಳಲ್ಲಿ ಚಳವಳಿ ೭೮ ಹಡಗುಗಳಿಗೂ ಸುಮಾರು ೨೦,೦೦೦ ನಾವಿಕರಿಗೂ ಹಬ್ಬಿತು. ವಲ್ಲಭಭಾಯಿ ಪಟೇಲರ ಸಲಹೆಯಂತೆ ೨೩ರಂದು ನಾವಿಕರು ಶರಣಾಗುವ ಹೊತ್ತಿಗೆ ಮುಂಬಯಿಯ ಬೀದಿಗಳಲ್ಲಿ ಬಹಳ ರಕ್ತ ಹರಿದಿತ್ತು.

ಇದರಿಂದ ಒಂದು ಮಾತು ಸ್ಪಷ್ಟ. ದೂರಿನ ದಾರಿ ಆರೋಪಿಯ ಬಾಗಿಲಲ್ಲಿಯೇ ಮುಗಿಯಬಾರದು. ಇಂದಿನ ವ್ಯಾಪಾರಿ ಹಡಗುಗಳಿಗೆ ಅನ್ವಯಿಸುವ ೨೦೦೬ರ ಸಾಗರ ಕಾರ್ಮಿಕ ಒಪ್ಪಂದವು ಈ ತತ್ವವನ್ನೇ ಅಂಗೀಕರಿಸಿದೆ. ಭಾರತವು ೨೦೧೫ರಲ್ಲಿ ಇದಕ್ಕೆ ಸಮ್ಮತಿಯಿತ್ತಿತು. ಇದರಂತೆ ನಾವಿಕನು ನೇರವಾಗಿ ಕಪ್ತಾನನಿಗೆ, ಬೇಕಾದರೆ ಹಡಗಿನ ಹೊರಗಿನ ಅಧಿಕಾರಿಗಳಿಗೂ ದೂರಬಹುದು; ಜೊತೆಗೊಬ್ಬನನ್ನು ಕರೆದೊಯ್ಯಬಹುದು; ದೂರಿದ್ದಕ್ಕಾಗಿ ಅವನನ್ನು ಪೀಡಿಸಕೂಡದು. ದೂರುವ ಕ್ರಮದ ಪ್ರತಿಯೊಂದನ್ನು ಅವನ ಕೈಗೇ ಕೊಡಬೇಕು. ಕಿರುಕುಳವನ್ನು ತಡೆಯುವ ತಿಳಿವಳಿಕೆಯು ೨೦೨೬ರ ಜನವರಿ ೧ರಿಂದ ನಾವಿಕರ ಪ್ರಾಥಮಿಕ ಸುರಕ್ಷಾ ತರಬೇತಿಯಲ್ಲಿಯೇ ಸೇರಿದೆ. ಬೆಂಕಿ ಆರಿಸುವುದನ್ನು ಕಲಿಸುವಂತೆ ಇದನ್ನೂ ಕಲಿಸತಕ್ಕದ್ದು ಎಂಬುದು ಇದರ ಆಶಯ.

ಆದರೆ ಕಾಗದದ ನಿಯಮ ತಾನಾಗಿ ನಡೆಯದು. ‘ನಾನೂ ಹೊಸಬನಿದ್ದಾಗ ಅನುಭವಿಸಿದೆ, ಈಗ ಇವನ ಸರದಿ’ ಎಂಬ ಹಿರಿಯರ ಭಾವನೆಯೇ ಕಿರುಕುಳದ ಬೇರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾ ಹೋದರೆ ಕಾಟಕ್ಕೆ ಕೊನೆಯೆಲ್ಲಿ? ತಾನುಂಡ ಕಹಿಯನ್ನು ಮುಂದಿನವನಿಗೆ ಬಡಿಸೆನು ಎಂದು ಒಬ್ಬ ಹಿರಿಯನು ನಿಶ್ಚಯಿಸಿದರೆ ಸರಪಳಿ ಅಲ್ಲಿಗೆ ಕಡಿಯುತ್ತದೆ. ನೋಡಿಯೂ ನೋಡದಂತಿರುವವರ ಮೌನವು ಎರಡನೆಯ ಬೇರು. ನೊಂದವನ ಪಕ್ಕದಲ್ಲಿ ಒಬ್ಬನು ಬಂದು ಕುಳಿತರೂ ಸಾಕು, ಕಾಟ ಕೊಡುವವನ ಧೈರ್ಯ ಅರ್ಧವಾಗುತ್ತದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಹಳ್ಳಿಯಿಂದ ಟ್ರಂಕು ಹೊತ್ತು ವಸತಿಗೃಹಕ್ಕೆ ಬಂದ ಹೊಸ ಹುಡುಗನಿಗೆ ಅದೂ ಒಂದು ಹಡಗೇ. ಅವನ ಮಾತಿನ ಧಾಟಿಗೆ ನಗುವವರು, ರಾತ್ರಿ ಎಬ್ಬಿಸಿ ಕುಣಿಸುವವರು ಅದನ್ನು ತಮಾಷೆಯೆನ್ನುತ್ತಾರೆ. ಇಬ್ಬರೂ ನಕ್ಕರೆ ತಮಾಷೆ. ಒಬ್ಬನು ಅತ್ತರೆ ಅದು ತಮಾಷೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಗಳಂತೆ ಪ್ರತಿ ಕಾಲೇಜಿನಲ್ಲಿಯೂ ರ‍್ಯಾಗಿಂಗ್ ತಡೆಯುವ ಸಮಿತಿ ಇರಬೇಕು. ಸಮಿತಿಯ ಸದಸ್ಯರಾರು, ಅವರನ್ನು ಎಲ್ಲಿ ಕಾಣಬೇಕು ಎಂಬುದನ್ನು ಹೊಸಬನಿಗೆ ಮೊದಲ ದಿನವೇ ತಿಳಿಸಬೇಕಾದವರು ಹಿರಿಯ ವಿದ್ಯಾರ್ಥಿಗಳಾದ ನಾವೇ.

ಬರುವ ವರ್ಷ ನಮ್ಮಲ್ಲಿಗೆ ಬರುವ ಹೊಸಬನು ಮೊದಲ ರಾತ್ರಿ ನಿಶ್ಚಿಂತೆಯಿಂದ ಮಲಗಿದರೆ, ಕಡಲನ್ನು ಕಾಣದ ನಾವೂ ಹಡಗಿನ ಪಾಠವನ್ನು ಕಲಿತಂತೆಯೇ ಸರಿ.