ಗ್ಲೂಕೋಸ್ ಸಹನಶಕ್ತಿ ಪರೀಕ್ಷೆ: ಅಂಕಿಗಳನ್ನು ಓದುವ ಬಗೆ

ಜನಸಾಮಾನ್ಯರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹವನ್ನು ಹಿಂದೆ ಬಹುಮಟ್ಟಿಗೆ ಮೂತ್ರಪರೀಕ್ಷೆಯಿಂದಲೇ ಗುರುತಿಸುತ್ತಿದ್ದರು. ಬೆನೆಡಿಕ್ಟ್ ದ್ರಾವಣವು ನೀಲಿಯಾಗಿಯೇ ಉಳಿದರೆ ರೋಗವಿಲ್ಲವೆಂಬ ನೆಮ್ಮದಿ. ಆದರೆ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರುವವರೆಗೆ ಮೂತ್ರಪಿಂಡಗಳು ಅದನ್ನು ಸಾಮಾನ್ಯವಾಗಿ ಹೊರಬಿಡುವುದಿಲ್ಲ. ಆದುದರಿಂದ ಎಷ್ಟೋ ಮಂದಿಯಲ್ಲಿ ರೋಗವು ಮರೆಯಲ್ಲಿಯೇ ಬೆಳೆಯುತ್ತದೆ.

ಸಹನಶಕ್ತಿ ಪರೀಕ್ಷೆಯಲ್ಲಿ ರಾತ್ರಿಯ ಉಪವಾಸದ ಬಳಿಕ ಮೊದಲ ರಕ್ತವನ್ನು ತೆಗೆದು, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಐದು ನಿಮಿಷಗಳೊಳಗೆ ಕುಡಿಸುತ್ತಾರೆ. ಎರಡು ಗಂಟೆಗಳ ಅನಂತರ ಮತ್ತೆ ರಕ್ತವನ್ನು ತೆಗೆಯುತ್ತಾರೆ. ಉಪವಾಸದ ಅಂಕಿ 126 ಅಥವಾ ಹೆಚ್ಚು, ಇಲ್ಲವೇ ಎರಡು ಗಂಟೆಯ ಅಂಕಿ 200 ಅಥವಾ ಹೆಚ್ಚು ಇದ್ದರೆ ಅದು ಮಧುಮೇಹದ ಮಟ್ಟ. ಎರಡನೆಯ ಅಂಕಿ 140ರಿಂದ 199ರವರೆಗಿದ್ದರೆ ರೋಗದ ಹೊಸ್ತಿಲು. ರೋಗಲಕ್ಷಣಗಳಿಲ್ಲದವರಲ್ಲಿ ಒಂದೇ ಅಂಕಿಯನ್ನು ನೆಚ್ಚದೆ, ಮತ್ತೊಂದು ಅಸಹಜ ಫಲದಿಂದ ಅದನ್ನು ದೃಢಪಡಿಸಿಕೊಳ್ಳಬೇಕು. ಉಪವಾಸದ ಮಿತಿಯು ಮೊದಲು 140 ಇದ್ದು, 1997ರಲ್ಲಿ ಅಮೆರಿಕದ ಮಧುಮೇಹ ಸಂಘವು ಅದನ್ನು 126ಕ್ಕೆ ಇಳಿಸಿತು. ಅದಕ್ಕೂ ಹಿಂದಿನ ವರದಿಯಲ್ಲಿ 130 ಎಂದಿದ್ದು ನಿಶ್ಚಿಂತರಾದ ಹಿರಿಯರು ಅದನ್ನು ಇಂದಿನ ಅಳತೆಯಿಂದ ಓದತಕ್ಕದ್ದು.

ಪರೀಕ್ಷೆಯ ಭಯ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಲ್ಲ! ಅಂಕಿ ತಗ್ಗಲೆಂದು ಮೂರು ದಿನ ಮುದ್ದೆ, ಅನ್ನಗಳನ್ನು ತೊರೆದು ಬರುವವರುಂಟು. ಫಲ ತದ್ವಿರುದ್ಧವಾಗುತ್ತದೆ. ಪಿಷ್ಟವಿಲ್ಲದ ಊಟಕ್ಕೆ ಒಗ್ಗಿದ ಶರೀರವು ಹಠಾತ್ತನೆ ಬಂದ ಗ್ಲೂಕೋಸನ್ನು ಬೇಗ ಬಳಸಿಕೊಳ್ಳಲಾರದು; ಅಂಕಿ ಏರುತ್ತದೆ. ಎಂದಿನ ಊಟವನ್ನೇ ಮೂರು ದಿನ ಮಾಡಿರಬೇಕು. ರಾಗಿಮುದ್ದೆಯಿಂದ ಸಕ್ಕರೆ ಏರದೆಂಬ ನಂಬಿಕೆಯೂ ಸರಿಯಲ್ಲ. ನಾರಿನಂಶ ಅಕ್ಕಿಗಿಂತ ಹೆಚ್ಚಿದ್ದರೂ ರಾಗಿಯ ಬಹುಭಾಗ ಪಿಷ್ಟವೇ. ಶ್ರೀನಿವಾಸಪುರದ ಮಾವಿನ ಮಾತನ್ನಂತೂ ಹೇಳಬೇಕಾಗಿಲ್ಲ.

ಮುಳಬಾಗಿಲಿನಲ್ಲೋ ಮಾಲೂರಿನ ಹಳ್ಳಿಯಲ್ಲೋ ತೆಗೆದ ರಕ್ತವು ಕೋಲಾರದ ಪ್ರಯೋಗಾಲಯವನ್ನು ಸೇರುವಷ್ಟರಲ್ಲಿ, ರಕ್ತಕಣಗಳು ಗಂಟೆಗೆ ಶೇಕಡ 5ರಿಂದ 7ರಷ್ಟು ಗ್ಲೂಕೋಸನ್ನು ತಾವೇ ತಿಂದುಬಿಡುತ್ತವೆ. 205 ಇದ್ದದ್ದು 190 ಆಗಿ, ರೋಗಿಯು ನಿರೋಗಿಯೆನಿಸಬಹುದು. ಇದನ್ನು ತಡೆಯಲು ನಳಿಕೆಯಲ್ಲಿ ಸೋಡಿಯಂ ಫ್ಲೋರೈಡ್ ಇಡುತ್ತಾರೆ. ಜಿಲ್ಲೆಯ ಕೊಳವೆಬಾವಿಗಳಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇಲ್ಲಿ ಉಪಕಾರಿ! ಆದರೂ ಅದರ ಪರಿಣಾಮ ಪೂರ್ಣವಾಗಲು ಒಂದೆರಡು ಗಂಟೆ ಹಿಡಿಯುವುದರಿಂದ, ನಳಿಕೆಯನ್ನು ಹಿಮದಲ್ಲಿಟ್ಟು ಪ್ಲಾಸ್ಮಾವನ್ನು ಬೇಗನೆ ಬೇರ್ಪಡಿಸುವುದು ಲೇಸು.

ಮೂರು ತಿಂಗಳ ಸರಾಸರಿಯನ್ನು ತೋರುವ ಹಿಮೋಗ್ಲೋಬಿನ್ ಪರೀಕ್ಷೆಗೆ ಉಪವಾಸ ಬೇಡವೆಂಬುದು ನಿಜ. ರಕ್ತಹೀನತೆಯುಳ್ಳವರಲ್ಲಿ ಅದು ದಾರಿತಪ್ಪಿಸಬಲ್ಲದು. ಗರ್ಭಿಣಿಯರಿಗೆ ಊಟವಾಗಿರಲಿ ಬಿಡಲಿ 75 ಗ್ರಾಂ ಕುಡಿಸಿ, ಎರಡು ಗಂಟೆಯ ಅಂಕಿ 140 ಮುಟ್ಟಿದರೆ ಗರ್ಭಕಾಲದ ಮಧುಮೇಹವೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅಂಥವರಿಗೆ ಹೆರಿಗೆಯಾದ ಆರು ವಾರಗಳಿಗೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಆ ವೇಳೆಗೆ ಬಾಣಂತಿಯು ತವರಿನಲ್ಲಿರುತ್ತಾಳೆ, ಚೀಟಿ ಗಂಡನ ಮನೆಯಲ್ಲಿರುತ್ತದೆ.